ಕಲ್ಲಿನೊಳಗೆ ಕೂತು ಬಂದವರು

ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ನ್ಯೂಕ್ವೇ ಎಂಬ ಕಡಲೂರಿದೆ. ಅಲ್ಲಿನ ಬ್ಲೂ ರೀಫ್ ಅಕ್ವೇರಿಯಂನಲ್ಲಿ 2009ರಲ್ಲಿ ಹವಳದ ತೊಟ್ಟಿಯೊಂದಕ್ಕೆ ಕಳ್ಳನ ಕಾಟ ಹತ್ತಿಕೊಂಡಿತು. ಬೆಳಗಾಗುವಷ್ಟರಲ್ಲಿ ಹವಳ ಎರಡು ತುಂಡಾಗಿ ಬಿದ್ದಿರುತ್ತಿತ್ತು, ಮೀನುಗಳಿಗೆ ಗಾಯವಾಗಿರುತ್ತಿತ್ತು. ಸಿಬ್ಬಂದಿ ಬೋನು ಇಟ್ಟರು, ಗಾಳ ಬಿಟ್ಟರು. ಬೋನು ಕಿತ್ತುಹೋಯಿತು, ಗಾಳದ ದಾರ ತುಂಡಾಯಿತು, ಎರೆ ಮಾತ್ರ ಖಾಲಿ. ಬೇರೆ ದಾರಿ ಕಾಣದೆ ತೊಟ್ಟಿಯ ಕಲ್ಲುಗಳನ್ನೆಲ್ಲ ಒಂದೊಂದಾಗಿ ಎತ್ತಿ ಹೊರಗಿಟ್ಟಾಗ ಸಿಕ್ಕಿಬಿದ್ದದ್ದು ನಾಲ್ಕು ಅಡಿ ಉದ್ದದ ಒಂದು ಹುಳು. ಯೂನಿಸೆ ಅಫ್ರೊಡಿಟೊಯಿಸ್ ಅದರ ಶಾಸ್ತ್ರೀಯ ಹೆಸರು. ಸಿಬ್ಬಂದಿ ಅದಕ್ಕೆ ಬ್ಯಾರಿ ಎಂದು ಹೆಸರಿಟ್ಟು, ಕೊಲ್ಲದೆ, ಬೇರೆಯದೇ ಒಂದು ತೊಟ್ಟಿ ಮಾಡಿಕೊಟ್ಟರು. ಪತ್ರಿಕೆಗಳಲ್ಲಿ ಬ್ಯಾರಿಯ ಫೋಟೊ ಬಂತು.

ಬ್ಯಾರಿಯನ್ನು ಯಾರೂ ದುಡ್ಡು ಕೊಟ್ಟು ತಂದಿರಲಿಲ್ಲ. ಯಾವುದೋ ಕಲ್ಲಿನ ತೂತಿನಲ್ಲಿ ಮರಿಯಾಗಿ ಕೂತು ಬಂದು, ಅಲ್ಲೇ ರಾತ್ರಿಯೂಟ ಮಾಡಿಕೊಂಡು ಬೆಳೆದಿರಬೇಕು. ಉಪ್ಪುನೀರಿನ ತೊಟ್ಟಿ ಸಾಕುವವರು ಹೀಗೆ ಬಂದವರನ್ನೆಲ್ಲ ಒಟ್ಟಾಗಿ ಹಿಚ್‌ಹೈಕರ್ ಎಂದು ಕರೆಯುತ್ತಾರೆ. ಸಿಹಿನೀರಿನ ಗುಪ್ಪಿ, ಗೋಲ್ಡ್‌ಫಿಶ್ ಸಾಕುವವರಿಗೆ ಈ ಅನುಭವ ಅಷ್ಟಾಗಿ ಇರುವುದಿಲ್ಲ. ಅವರ ತೊಟ್ಟಿಯಲ್ಲಿ ತಂದದ್ದು ಇರುತ್ತದೆ; ಹೆಚ್ಚೆಂದರೆ ಗಿಡದ ಜೊತೆ ನಾಲ್ಕು ಬಸವನಹುಳು ಬಂದಿರುತ್ತವೆ. ಹವಳದ ತೊಟ್ಟಿ ಹಾಗಲ್ಲ. ಅದರಲ್ಲಿ ತಂದದ್ದಕ್ಕಿಂತ ತಾನಾಗಿ ಬಂದದ್ದೇ ಹೆಚ್ಚು.

ಇದಕ್ಕೆಲ್ಲ ಕಾರಣ ಕಲ್ಲು. ಹಳೆಯ ಹವಳದ ಸುಣ್ಣದ ಗೂಡು ಕಡಲಡಿಯಲ್ಲಿ ವರ್ಷಗಟ್ಟಲೆ ಬಿದ್ದು, ಮೈತುಂಬ ತೂತಾಗಿ, ಪಾಚಿ, ಸ್ಪಂಜು, ಹುಳು, ಬ್ಯಾಕ್ಟೀರಿಯಗಳೆಲ್ಲ ಒಳಹೊಕ್ಕು ಸಂಸಾರ ಹೂಡಿದ ಮೇಲೆ ಅದಕ್ಕೆ ಲೈವ್ ರಾಕ್ ಎನ್ನುತ್ತಾರೆ. ಮೊದಲೆಲ್ಲ ಉಪ್ಪುನೀರಿನ ತೊಟ್ಟಿಯಲ್ಲಿ ಬಿಳುಚಿಸಿದ ಹವಳದ ಅಸ್ಥಿಯನ್ನು ಅಲಂಕಾರಕ್ಕೆ ಇಡುತ್ತಿದ್ದರು; ಬಲವಾದ ಫಿಲ್ಟರ್ ಇಟ್ಟರೂ ಜೀವಂತ ಹವಳ ಉಳಿಯುತ್ತಿರಲಿಲ್ಲ. ಜಕಾರ್ತದ ಲೀ ಚಿನ್ ಎಂಗ್ ಎಂಬಾತ ಅದನ್ನೆಲ್ಲ ಬಿಟ್ಟು ಕಡಲ ನೀರು, ಜೀವವಿರುವ ಕಲ್ಲು, ಬಿಸಿಲು, ಗಾಳಿಗುಳ್ಳೆ ಇಷ್ಟರಲ್ಲೇ ಹವಳ ಬೆಳೆಸಿ, 1961ರಲ್ಲಿ ಅಮೆರಿಕದ ಮೀನು ಸಾಕಣೆಯ ಪತ್ರಿಕೆಯೊಂದರಲ್ಲಿ ಬರೆದರು. ಗುಟ್ಟು ಇಷ್ಟೆ: ಕಲ್ಲಿನ ಹೊರಮೈಯ ಬ್ಯಾಕ್ಟೀರಿಯಗಳು ಮೀನು ಹೊರಹಾಕುವ ಅಮೋನಿಯವನ್ನು ನೈಟ್ರೇಟ್ ಆಗಿಸುತ್ತವೆ, ಆಮ್ಲಜನಕ ಹೋಗದ ಒಳತೂತುಗಳ ಬ್ಯಾಕ್ಟೀರಿಯಗಳು ಆ ನೈಟ್ರೇಟನ್ನೂ ಒಡೆದು ನೈಟ್ರೋಜನ್ ಅನಿಲವಾಗಿ ಬಿಟ್ಟುಬಿಡುತ್ತವೆ. ಕಲ್ಲೇ ಫಿಲ್ಟರು. ಫಿಲ್ಟರಿಗಾಗಿ ಕಲ್ಲು ತಂದವರು ಕಲ್ಲಿನ ನಿವಾಸಿಗಳನ್ನೂ ತಂದ ಹಾಗಾಯಿತು.

ಈ ಕಲ್ಲು ಒದ್ದೆ ಕಾಗದದಲ್ಲಿ ಸುತ್ತಿಸಿಕೊಂಡು, ಡಬ್ಬದೊಳಗೆ ಕೂತು, ವಿಮಾನವೇರಿ ಬರುತ್ತದೆ. ದಾರಿಯಲ್ಲಿ ನಾಜೂಕಿನ ಜೀವಗಳೆಲ್ಲ ಸಾಯುತ್ತವೆ. ಬಂದ ಕಲ್ಲನ್ನು ಬೇರೆ ಟಬ್ಬಿನಲ್ಲಿ ವಾರಗಟ್ಟಲೆ ಇಟ್ಟು, ಕೊಳೆತದ್ದನ್ನು ಉಜ್ಜಿ ತೆಗೆಯುವಾಗ ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ಇಷ್ಟೆಲ್ಲ ದಾಟಿ ಉಳಿದುಕೊಂಡವನು ಗಟ್ಟಿಗನೇ ಆಗಿರಬೇಕಲ್ಲ! ತೊಟ್ಟಿಯ ಅತಿಥಿಗಳಲ್ಲಿ ಏಡಿ, ಹುಳು, ಕಡಲಹೂವುಗಳೇ ಹೆಚ್ಚಾಗಿರುವುದಕ್ಕೆ ಇದೊಂದು ಕಾರಣ.

ಬಹುತೇಕರು ಅವುಗಳನ್ನು ಮೊದಲು ನೋಡುವುದು ರಾತ್ರಿ. ದೀಪ ಆರಿ ಒಂದೆರಡು ಗಂಟೆ ಕಳೆದ ಮೇಲೆ ಟಾರ್ಚ್ ಹಿಡಿದು ಹೋದರೆ ಹಗಲಿನ ತೊಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲವೆನಿಸುತ್ತದೆ. ಗಾಜಿಗೆ ಕೆಂಪು ಕಾಗದ ಅಂಟಿಸಿದ ಟಾರ್ಚ್ ಇನ್ನೂ ಒಳ್ಳೆಯದು. ಈ ಪ್ರಾಣಿಗಳಲ್ಲಿ ಹಲವಕ್ಕೆ ಕೆಂಪು ಬೆಳಕು ಸರಿಯಾಗಿ ಕಾಣದು, ಹಾಗಾಗಿ ಅವು ಓಡಿಹೋಗುವುದಿಲ್ಲ. ಕಲ್ಲಿನ ಸಂದಿಯಿಂದ ದಾರದಂಥ ಬಿಳಿ ಎಳೆಗಳು ಅಡಿಗಟ್ಟಲೆ ಚಾಚಿ ಮರಳನ್ನು ತಡವುತ್ತಿರುತ್ತವೆ. ಯಾರದೋ ಐದು ತೋಳುಗಳಲ್ಲಿ ಎರಡು ಮಾತ್ರ ಹೊರಗಿರುತ್ತವೆ. ಗಾಜಿನ ಮೇಲೆ ಎಳ್ಳಿನ ಗಾತ್ರದ ಚುಕ್ಕಿಗಳು ಓಡಾಡುತ್ತಿರುತ್ತವೆ. ಹೊಸಬರು ಇದನ್ನು ಕಂಡಾಗ ಮಾಡುವ ಮೊದಲ ಕೆಲಸ ಇಕ್ಕಳ ಹುಡುಕುವುದು.

ನನ್ನ ತಕರಾರು ಇರುವುದು ಆ ಇಕ್ಕಳದ ಬಗ್ಗೆ. ಗುರುತು ಸಿಗುವ ಮೊದಲೇ ಶಿಕ್ಷೆ ಕೊಡುವ ಈ ಆತುರದಲ್ಲಿ ತೊಟ್ಟಿಗೆ ದುಡಿಯುತ್ತಿರುವವರೇ ಹೆಚ್ಚು ಸಾಯುತ್ತಾರೆ. ಕಂಡದ್ದು ಯಾವ ಕುಲದ್ದು, ಏನನ್ನು ತಿನ್ನುತ್ತದೆ ಎಂದು ತಿಳಿಯದೆ ಕೈಹಾಕಬಾರದು. ಒಂದು ಫೋಟೊ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ, ಎಷ್ಟು ಕಾಲು, ಮೀಸೆ ಎಷ್ಟು, ಚಿಪ್ಪು ಇದೆಯೆ, ಹಗಲಿನಲ್ಲೂ ಹೊರಗೆ ಬರುತ್ತದೆಯೆ, ಬಾಯಲ್ಲಿ ಏನಿತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಅನುಮಾನವಿದ್ದವನನ್ನು ಹಿಡಿದು ತೊಟ್ಟಿಯ ಕೆಳಗಿನ ಸಂಪ್‌ನಲ್ಲೋ ಬೇರೆ ಜಾಡಿಯಲ್ಲೋ ಇಟ್ಟು ನೋಡಬಹುದು. ಜೈಲಿಗೂ ನೇಣಿಗೂ ವ್ಯತ್ಯಾಸವಿದೆ.

ಏಡಿಯನ್ನೇ ತೆಗೆದುಕೊಳ್ಳಿ. ಪುಸ್ತಕ ನೋಡಿ ಕಲಿತವರು ಕಾಲಿಗೆಲ್ಲ ಕೂದಲು, ಕೊಂಬಿನ ತುದಿ ಕಪ್ಪು, ಬಲವಾದ ಚಿಮಟ ಇರುವ ಏಡಿ ಕಂಡರೆ ತೆಗೆಯಿರಿ ಎನ್ನುತ್ತಾರೆ. ತಪ್ಪೇನಲ್ಲ, ಆ ಬಳಗದವು ದೊಡ್ಡದಾದ ಮೇಲೆ ಬಸವನಹುಳು, ಮಲಗಿದ ಮೀನು, ಹವಳದ ಮಾಂಸ ಯಾವುದನ್ನೂ ಬಿಡುವುದಿಲ್ಲ. ಆದರೆ ಕವಲೊಡೆದ ಪೊಸಿಲ್ಲೊಪೊರ ಹವಳದ ನಡುವೆ ನುಣುಪು ಮೈಯ, ಚಪ್ಪಟೆ ಬೆನ್ನಿನ ಪುಟ್ಟ ಏಡಿಯೊಂದು ಕೂತಿದ್ದರೆ ಅದು ಟ್ರಪೀಜಿಯ. ಅದು ಆ ಹವಳದ ಕಾವಲುಗಾರ. ಹವಳ ಸ್ರವಿಸುವ ಕೊಬ್ಬಿನ ಲೋಳೆ ಅದರ ಸಂಬಳ. ಹವಳ ತಿನ್ನಲು ಬರುವ ಮುಳ್ಳಿನ ಕಿರೀಟದ ನಕ್ಷತ್ರಮೀನಿನ ಕೊಳವೆಕಾಲುಗಳನ್ನು ಅದು ಚಿವುಟಿ ಓಡಿಸುತ್ತದೆ. ಪೀಟರ್ ಗ್ಲಿನ್ ಎಂಬ ವಿಜ್ಞಾನಿ ಪನಾಮದ ಕಡಲಲ್ಲಿ ಇದನ್ನು ಗಮನಿಸಿ 1976ರಲ್ಲಿ ಬರೆದರು. ಮುಂದೆ ಫ್ರೆಂಚ್ ಪಾಲಿನೇಷ್ಯದ ಮೂರಿಯ ದ್ವೀಪದಲ್ಲಿ ಹವಳಗಳಿಂದ ಈ ಏಡಿಗಳನ್ನು ಬೇಕೆಂದೇ ತೆಗೆದು ನೋಡಿದರು. ಒಂದು ತಿಂಗಳೊಳಗೆ ಬಹಳಷ್ಟು ಹವಳ ಸತ್ತಿತು. ಮೇಲೆ ಕೂರುವ ಹೂಳನ್ನು ಗುಡಿಸುತ್ತಿದ್ದದ್ದು ಏಡಿಯೇ. ಅಂಗಡಿಯಿಂದ ಹವಳದ ತುಂಡು ತಂದು, ಅದರೊಳಗಿನ ಏಡಿಯನ್ನು ಕಷ್ಟಪಟ್ಟು ಕಿತ್ತೆಸೆದು, ಆಮೇಲೆ ಹವಳ ಯಾಕೆ ಬಾಡಿತು ಎಂದು ಕೇಳುವವರಿದ್ದಾರೆ.

ಹುಳುಗಳ ವಿಷಯದಲ್ಲಂತೂ ಅನ್ಯಾಯ ಇನ್ನೂ ದೊಡ್ಡದು. ಗುಲಾಬಿ ಮಿಶ್ರಿತ ಕಂದು ಮೈ, ಎರಡೂ ಅಂಚಿಗೆ ಬಿಳಿ ಬಿರುಗೂದಲಿನ ಗೊಂಚಲು, ಜರಿಹುಳುವನ್ನು ನೆನಪಿಸುವ ನಡಿಗೆ. ಇದು ಬ್ರಿಸಲ್ ವರ್ಮ್. ನೋಡಿದವರಿಗೆ ಮೈ ಜುಮ್ಮೆನ್ನುವುದು ಸಹಜ. ಬರಿಗೈಯಲ್ಲಿ ಮುಟ್ಟಿದರೆ ಸುಣ್ಣಾಂಶದ ಆ ಕೂದಲು ಚರ್ಮಕ್ಕೆ ಚುಚ್ಚಿಕೊಂಡು ಮುರಿಯುತ್ತದೆ, ಉರಿ ಹತ್ತುತ್ತದೆ. ಅಂಟುಪಟ್ಟಿ ಒತ್ತಿ ಎಳೆದರೆ ಕೂದಲು ಬರುತ್ತದೆ. ಮೇಲೆ ಸ್ವಲ್ಪ ವಿನೆಗರ್ ಸವರುವುದು ರೂಢಿ. ಇಷ್ಟು ಬಿಟ್ಟರೆ ತೊಟ್ಟಿಗೆ ಬರುವ ಬಹುಪಾಲು ಬ್ರಿಸಲ್ ವರ್ಮ್‌ಗಳು ಪೌರಕಾರ್ಮಿಕರು. ಮೀನು ತಿನ್ನದೆ ಬಿಟ್ಟ ಆಹಾರ, ಕಲ್ಲಿನ ಹಿಂದೆ ಸತ್ತುಬಿದ್ದ ಬಸವನಹುಳು, ನಮ್ಮ ಕೈ ಹೋಗದ ಜಾಗದ ಕೊಳೆ ಎಲ್ಲ ಅವುಗಳ ಪಾಲು. ಸತ್ತ ಮೀನಿನ ಮೇಲೆ ಅವು ಮುತ್ತಿಕೊಂಡದ್ದನ್ನು ಕಂಡು ಇವೇ ಕೊಂದವು ಎಂದು ತೀರ್ಪು ಕೊಡುವುದು, ಹೆಣದ ಪಕ್ಕ ನಿಂತವನನ್ನೆಲ್ಲ ಕೊಲೆಗಾರ ಎಂದ ಹಾಗೆ. ಅವುಗಳ ಸಂಖ್ಯೆ ವಿಪರೀತವಾಗಿದ್ದರೆ ತಪ್ಪು ಹುಳುವಿನದಲ್ಲ, ಊಟ ಬಡಿಸುವ ಕೈಯದು. ಆಹಾರ ಕಡಿಮೆ ಮಾಡಿದರೆ ಹುಳುವೂ ಕಡಿಮೆಯಾಗುತ್ತದೆ. ಹವಳವನ್ನು ನಿಜವಾಗಿ ತಿನ್ನುವ ಬೆಂಕಿಹುಳು ಬೇರೆ ಇದೆ: ಅಟ್ಲಾಂಟಿಕ್‌ನ ಹರ್ಮೊಡೈಸ್. ಅದರ ತಲೆಯ ಮೇಲೆ ಮಡಿಕೆ ಮಡಿಕೆಯಾದ ಒಂದು ಜುಟ್ಟು ಇರುತ್ತದೆ, ಗುರುತು ಹಿಡಿಯುವುದು ಕಷ್ಟವಲ್ಲ.

ಬ್ಯಾರಿಯ ಕುಲದವರನ್ನು ಇವರಿಂದ ಬೇರ್ಪಡಿಸಲು ತಲೆ ನೋಡಬೇಕು. ಯೂನಿಸೆ ತಲೆಯ ಮೇಲೆ ಐದು ಮೀಸೆಗಳು ಎದ್ದು ಕಾಣುತ್ತವೆ, ಮೈ ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣ ಬದಲಿಸುತ್ತದೆ, ಬಿಳಿ ಕೂದಲಿನ ಗೊಂಚಲು ಇರುವುದಿಲ್ಲ. ದವಡೆ ಅದರ ಆಯುಧ. ಮರಳಲ್ಲಿ ಮೈ ಹುದುಗಿಸಿ, ಬಾಯಿ ಮಾತ್ರ ತೆರೆದಿಟ್ಟು, ಮೇಲೆ ಹಾದುಹೋದ ಮೀನನ್ನು ಕಚ್ಚಿ ಒಳಗೆಳೆದುಕೊಳ್ಳುತ್ತದೆ. ಜಪಾನಿನ ಶಿರಹಾಮ ಬಳಿಯ ಬಂದರಿನಲ್ಲಿ 2009ರಲ್ಲೇ ತೆಪ್ಪವೊಂದರ ತೇಲುಬುರುಡೆಯೊಳಗೆ ಈ ಜಾತಿಯ ಹುಳು ಸಿಕ್ಕಿತ್ತು: ಉದ್ದ 299 ಸೆಂ.ಮೀ., ತೂಕ 433 ಗ್ರಾಂ, ಖಂಡಗಳು 673. ಬ್ಯಾರಿ ಅದರ ಮುಂದೆ ಇನ್ನೂ ಹುಡುಗ. ಆದರೂ ಒಂದು ಮಾತು. ಯೂನಿಸೆ ಬಳಗದ ಹಲವು ಸಣ್ಣ ಹುಳುಗಳು ಪಾಚಿ ತಿಂದುಕೊಂಡು ಕಲ್ಲಿನಲ್ಲಿ ತೆಪ್ಪಗಿರುತ್ತವೆ. ಐದು ಮೀಸೆ ಕಂಡಾಕ್ಷಣ ಇಡೀ ತೊಟ್ಟಿ ಕಳಚಬೇಕಾಗಿಲ್ಲ.

ಕಣ್ಣಿಗಿಂತ ಕಿವಿಗೆ ಮೊದಲು

ರಾತ್ರಿ ತೊಟ್ಟಿಯಿಂದ ಟಕ್ ಎಂದು ಸದ್ದು ಬರುತ್ತದೆ. ಗಾಜು ಬಿರಿಯಿತೇ ಎಂದು ಓಡಿಬಂದು ನೋಡಿದರೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಹೀಗಾದರೆ ಅನುಮಾನಕ್ಕೆ ಇಬ್ಬರೇ. ಒಬ್ಬ ಪಿಸ್ತೂಲ್ ಸಿಗಡಿ, ಇನ್ನೊಬ್ಬ ಮ್ಯಾಂಟಿಸ್ ಶ್ರಿಂಪ್.

ಪಿಸ್ತೂಲ್ ಸಿಗಡಿಯ ಒಂದು ಕೊಂಬು ಇನ್ನೊಂದಕ್ಕಿಂತ ಬಹಳ ದೊಡ್ಡದು. ಅದನ್ನು ತೆರೆದು ಪಟ್ಟನೆ ಮುಚ್ಚಿದಾಗ ನೀರು ಚಿಮ್ಮಿ ಒಂದು ಗುಳ್ಳೆ ಹುಟ್ಟುತ್ತದೆ, ಆ ಗುಳ್ಳೆ ಕುಸಿಯುತ್ತದೆ. ಸದ್ದು ಬರುವುದು ಕೊಂಬು ಬಡಿದದ್ದರಿಂದಲ್ಲ, ಗುಳ್ಳೆ ಕುಸಿದದ್ದರಿಂದ ಎಂದು 2000ದಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ಸಾಧಿಸಿದರು. ಮರುವರ್ಷ ಇನ್ನೊಂದು ವಿಸ್ಮಯ: ಕುಸಿಯುವ ಕ್ಷಣದಲ್ಲಿ ಗುಳ್ಳೆಯಿಂದ ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು ಬೆಳಕಿನ ಮಿಂಚು ಹೊರಡುತ್ತದೆ, ಒಳಗಿನ ತಾಪ ಕನಿಷ್ಠ 5000 ಕೆಲ್ವಿನ್. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಸದ್ದಿನಿಂದ ಪತ್ತೆ ಮಾಡುವವರಿಗೆ ಈ ಸಿಗಡಿಗಳ ಗದ್ದಲ ದೊಡ್ಡ ತಲೆನೋವಾಗಿತ್ತು. ಇಷ್ಟೆಲ್ಲ ಅಬ್ಬರ ಮಾಡಿದರೂ ತೊಟ್ಟಿಯಲ್ಲಿ ಅದು ಸಾಧು ಎನ್ನಬಹುದು. ಬಿಲ ತೋಡಿಕೊಂಡು, ಗೋಬಿ ಎಂಬ ಸಣ್ಣ ಮೀನನ್ನು ಬಾಗಿಲಲ್ಲಿ ಕಾವಲಿಗಿಟ್ಟುಕೊಂಡು ಬದುಕುವ ಜಾತಿಗಳನ್ನು ಜನ ದುಡ್ಡು ಕೊಟ್ಟು ತರುತ್ತಾರೆ.

ಮ್ಯಾಂಟಿಸ್ ಶ್ರಿಂಪ್ ಸಾಧುವಲ್ಲ. ಹೆಸರಿನಲ್ಲಿ ಶ್ರಿಂಪ್ ಇದ್ದರೂ ಅದು ಸಿಗಡಿಯೂ ಅಲ್ಲ, ಬೇರೆಯೇ ಒಂದು ಗಣ. ಕಾಂಡದ ಮೇಲೆ ಕೂತ ಎರಡು ಕಣ್ಣು, ಒಂದು ಆ ಕಡೆ ನೋಡಿದರೆ ಇನ್ನೊಂದು ಈ ಕಡೆ. ನಮ್ಮ ಕಣ್ಣಿನಲ್ಲಿ ಬಣ್ಣ ಹಿಡಿಯುವ ಗ್ರಾಹಕಗಳು ಮೂರು ಬಗೆ. ಇದರಲ್ಲಿ ಒಟ್ಟು ಗ್ರಾಹಕಗಳು ಹನ್ನೆರಡಕ್ಕೂ ಹೆಚ್ಚು ಬಗೆ. ಎದೆಗೆ ಮಡಚಿಟ್ಟುಕೊಂಡ ಸುತ್ತಿಗೆಗಾಲನ್ನು ಬೀಸಿದರೆ ನವಿಲುಬಣ್ಣದ ಜಾತಿಯಲ್ಲಿ ಅದರ ವೇಗ ಸೆಕೆಂಡಿಗೆ 23 ಮೀಟರ್ ಮುಟ್ಟುತ್ತದೆ. ಷೀಲಾ ಪಾಟೆಕ್ ಮತ್ತು ಸಂಗಡಿಗರು 2004ರಲ್ಲಿ ಅಳೆದದ್ದು ಅದು. ಪೆಟ್ಟಿನ ಬಲ 1500 ನ್ಯೂಟನ್‌ವರೆಗೂ ಹೋಗುತ್ತದೆ, ಹಿಂದೆಯೇ ಗುಳ್ಳೆಯ ಕುಸಿತದ ಎರಡನೇ ಪೆಟ್ಟು ಬೇರೆ. ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನ ಸೀ ಲೈಫ್ ಕೇಂದ್ರದಲ್ಲಿ ಟೈಸನ್ ಎಂದು ಹೆಸರಿಟ್ಟಿದ್ದ ಒಂದು ಮ್ಯಾಂಟಿಸ್ 1998ರಲ್ಲಿ ತೊಟ್ಟಿಯ ಗಾಜನ್ನೇ ಒಡೆದು ಸುದ್ದಿಯಾಗಿತ್ತು. ಮನೆಯ ತೊಟ್ಟಿಗೆ ಕಲ್ಲಿನಲ್ಲಿ ಬರುವವು ಸಾಮಾನ್ಯವಾಗಿ ಬೆರಳುದ್ದಕ್ಕಿಂತ ಚಿಕ್ಕವು, ಗಾಜಿಗೆ ಭಯವಿಲ್ಲ. ಏಡಿ, ಬಸವನಹುಳು ಮಾತ್ರ ಒಂದೊಂದಾಗಿ ಕಾಣೆಯಾಗುತ್ತವೆ. ಕಲ್ಲಿನ ಒಂದು ತೂತಿನ ಎದುರು ಒಡೆದ ಚಿಪ್ಪುಗಳ ರಾಶಿ ಬಿದ್ದಿದ್ದರೆ ಆ ಮನೆ ಯಾರದೆಂದು ಕೇಳಬೇಕಾಗಿಲ್ಲ. ಆ ಕಲ್ಲನ್ನು ಹೊರತೆಗೆದು, ತೂತಿಗೆ ಸೋಡಾ ನೀರು ಚುಚ್ಚಿದರೆ ಹೊರಗೆ ಬೀಳುತ್ತದೆ. ಬೆರಳು ದೂರವಿಡಿ. ಬಿದ್ದ ಮೇಲೆ ಅದಕ್ಕೊಂದು ಸಣ್ಣ ತೊಟ್ಟಿ ಕೊಡುವುದು ನನಗೆ ಸರಿ ಕಾಣುವ ದಾರಿ. ಹವಳದ ತೊಟ್ಟಿಗೆ ಬರುವ ಅತಿಥಿಗಳಲ್ಲಿ ಇದರಷ್ಟು ಚುರುಕು ಬುದ್ಧಿಯವು ಕಡಿಮೆ. ದಿನಾ ಊಟ ಕೊಡುವವರನ್ನು ಬಿಲದ ಬಾಯಲ್ಲಿ ಕೂತು ಎವೆಯಿಕ್ಕದೆ ನೋಡುತ್ತದೆ.

ಸುಣ್ಣಕ್ಕೂ ಬಗ್ಗದವಳು

ಏಡಿ ಹುಳು ಮ್ಯಾಂಟಿಸ್‌ಗಳಿಗೆಲ್ಲ ಹೆದರುವವರು ನಿಜವಾಗಿ ಹೆದರಬೇಕಾದದ್ದಕ್ಕೆ ಹೆದರುವುದಿಲ್ಲ. ಕಲ್ಲಿನ ಮೂಲೆಯಲ್ಲಿ ಒಂದು ಪುಟ್ಟ, ಕಂದು, ಪಾರದರ್ಶಕ ಹೂವು ಅರಳುತ್ತದೆ. ಎಷ್ಟು ಚೆಂದ, ಬಿಟ್ಟಿಯಾಗಿ ಒಂದು ಕಡಲಹೂ ಬಂತು ಎಂದು ಖುಷಿಪಡುತ್ತಾರೆ. ಅದು ಐಪ್ಟೇಸಿಯ. ತಿಂಗಳೊಳಗೆ ಹತ್ತಾಗುತ್ತದೆ, ಆಮೇಲೆ ಎಣಿಸುವುದು ಬಿಟ್ಟುಬಿಡುತ್ತೀರಿ. ಅದರ ಎಳೆಗಳ ಕುಟುಕು ಪಕ್ಕದ ಹವಳವನ್ನು ಸುಡುತ್ತದೆ. ಕಿತ್ತರೆ ತುಂಡಾಗುತ್ತದೆ, ಪ್ರತಿ ತುಂಡೂ ಹೊಸ ಹೂವಾಗುತ್ತದೆ. ಕೀಳದಿದ್ದರೂ ನಡೆಯುವಾಗ ಪಾದದ ಅಂಚಿನಿಂದ ಚೂರುಗಳನ್ನು ಉದುರಿಸಿಕೊಂಡು ಹೋಗುತ್ತದೆ, ಅವೂ ಬೆಳೆಯುತ್ತವೆ. ಗಂಡು ಹೆಣ್ಣಿನ ಹಂಗಿಲ್ಲದೆ ಒಂದರಿಂದ ಸಾವಿರ.

ಹವ್ಯಾಸಿಗಳ ಹಳೆಯ ಮದ್ದು ಸುಣ್ಣ. ಗಟ್ಟಿಯಾಗಿ ಕಲಸಿದ ಸುಣ್ಣವನ್ನು ಸಿರಿಂಜಿನಲ್ಲಿ ತುಂಬಿ, ಅದರ ಬಾಯಿಗೆ ಮೆಲ್ಲಗೆ ಬಿಡುವುದು. ತಿನಿಸೆಂದು ನುಂಗಿ ಒಳಗಿನಿಂದ ಸುಟ್ಟುಹೋಗುತ್ತದೆ. ಆದರೆ ಕೈ ಸೋಕಿದರೆ ಪಟ್ಟನೆ ಸಂದಿಗೆ ಜಾರಿಕೊಳ್ಳುತ್ತದೆ, ಅರ್ಧ ಸತ್ತದ್ದು ಮತ್ತೆ ಚಿಗುರುತ್ತದೆ. ಹತ್ತಿಪ್ಪತ್ತು ಇದ್ದಾಗ ಈ ಆಟ ಸರಿ, ಕಲ್ಲು ತುಂಬ ಹಬ್ಬಿದ ಮೇಲೆ ವ್ಯರ್ಥ. ಆಗ ಬೇಟೆಗಾರರನ್ನು ಕರೆಯಬೇಕು. ಪೆಪ್ಪರ್‌ಮಿಂಟ್ ಎಂಬ ಪಟ್ಟೆ ಸಿಗಡಿ ತಿನ್ನುತ್ತದೆ, ಆದರೆ ರುಚಿ ಬಂದರೆ ಮಾತ್ರ; ಬೇರೆ ಊಟ ಸಿಕ್ಕರೆ ಮುಖ ತಿರುಗಿಸುತ್ತದೆ. ನಂಬಿಕಸ್ತ ಬೇಟೆಗಾರ ಬರ್ಗಿಯ ಎಂಬ ಕಡಲಗೊಂಡೆಹುಳು. ಹೆಬ್ಬೆರಳುಗುರಿನಷ್ಟು ದೊಡ್ಡದಾಗುವ ಈ ಚಿಪ್ಪಿಲ್ಲದ ಬಸವನಹುಳು ಐಪ್ಟೇಸಿಯ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಕೊನೆಯ ಐಪ್ಟೇಸಿಯ ಮುಗಿದ ದಿನ ಅದೂ ಉಪವಾಸ. ಕೆಲಸ ಮುಗಿದ ಮೇಲೆ ಇನ್ನೊಬ್ಬ ಹವ್ಯಾಸಿಯ ಮನೆಗೆ ದಾಟಿಸುವುದು ಅದಕ್ಕೆ ತೋರಬೇಕಾದ ನ್ಯಾಯ.

ತಮಾಷೆಯೆಂದರೆ, ಹವಳ ಸಾಕುವವರ ಈ ಶಾಪವೇ ಹವಳ ಉಳಿಸಲು ಹೊರಟವರಿಗೆ ವರವಾಗಿದೆ. ಹವಳದ ಮೈಯಲ್ಲಿ ವಾಸಿಸುವ ಸೂಕ್ಷ್ಮ ಪಾಚಿ ನೀರು ಬಿಸಿಯಾದಾಗ ಹೊರಹೋಗುತ್ತದೆ, ಹವಳ ಬಿಳುಚುತ್ತದೆ. ಇದನ್ನು ಹವಳದಲ್ಲೇ ಅಭ್ಯಾಸ ಮಾಡುವುದು ಕಷ್ಟ; ಅದು ನಿಧಾನವಾಗಿ ಬೆಳೆಯುತ್ತದೆ, ಸುಣ್ಣದ ಗೂಡು ಅಡ್ಡ ಬರುತ್ತದೆ. ಐಪ್ಟೇಸಿಯದ ಮೈಯಲ್ಲೂ ಅಂಥದೇ ಪಾಚಿ ಇದೆ, ಗೂಡಿಲ್ಲ, ಕೊಂದರೂ ಸಾಯುವುದಿಲ್ಲ. ಹಾಗಾಗಿ ಪ್ರಯೋಗಶಾಲೆಗಳಿಗೆ ಅಚ್ಚುಮೆಚ್ಚು. ಅದರ ಜೀನೋಮ್ 2015ರಲ್ಲಿ ಪ್ರಕಟವಾಯಿತು.

ಉಳಿದ ಸಣ್ಣಪುಟ್ಟವರನ್ನು ಬೇಗ ದಾಟಿಬಿಡೋಣ. ಗಾಜಿಗೆ ಅಂಟಿದ ಬಿಳಿ ಸುರುಳಿ ಚುಕ್ಕಿಗಳು ನಿರುಪದ್ರವಿ ಹುಳುವಿನ ಮನೆ. ಅನಾನಸ್ ಆಕಾರದ ಪುಟಾಣಿ ಬಿಳಿ ಮುದ್ದೆ ಸೈಕಾನ್ ಎಂಬ ಸ್ಪಂಜು, ಬಂದ ಹಾಗೇ ಹೋಗುತ್ತದೆ. ಉಗುರಿನಷ್ಟು ದೊಡ್ಡ, ತೋಳುಗಳು ಒಂದೇ ಸಮ ಇಲ್ಲದ ನಕ್ಷತ್ರಮೀನು ಆಸ್ಟರಿನ. ತನ್ನನ್ನೇ ಹರಿದುಕೊಂಡು ಎರಡಾಗುವುದರಿಂದ ಹಾಗೆ. ಹೆಚ್ಚಿನವು ಗಾಜಿನ ಪಾಚಿ ನೆಕ್ಕುತ್ತವೆ, ಕೆಲವು ಜೊವಾಂತಿಡ್ ಹವಳ ತಿನ್ನುತ್ತವೆ. ಹವಳದ ಮೇಲೆ ಪದೇ ಪದೇ ಕಂಡರೆ ಮಾತ್ರ ತೆಗೆಯಿರಿ. ಹೆದರಿಸಿದರೆ ಬಾಲದ ತುಂಡು ಬಿಟ್ಟು ಓಡುವ ಚಪ್ಪಟೆ ಬಸವನಹುಳು ಸ್ಟೊಮಟೆಲ್ಲ, ಪಾಚಿ ತಿನ್ನುವ ಪುಣ್ಯಾತ್ಮ. ಕಲ್ಲಿನ ಮೇಲಿನ ಕುಂಕುಮದಂಥ ಕೆಂಪು ಗುಬುಟು ಹೋಮೊಟ್ರೀಮ ಎಂಬ ಏಕಕೋಶಿ. ಬರ್ಮುಡಾದ ಕಡಲತೀರಗಳ ಮರಳಿಗೆ ಗುಲಾಬಿ ಬಣ್ಣ ಬಂದದ್ದು ಇದರ ಚಿಪ್ಪಿನ ಪುಡಿಯಿಂದ. ಸಂಧಿಪದಿಗಳಲ್ಲಿ ಐಸೊಪಾಡ್ ಕಂಡರೆ ಎಚ್ಚರ: ಮುಟ್ಟಿದಾಗ ಉಂಡೆಯಾಗಿ ಸುತ್ತಿಕೊಂಡರೆ ಪಾಪದ್ದು, ದೊಡ್ಡ ಕಣ್ಣಿನ, ವೇಗವಾಗಿ ಈಜುವ ಸಿರೊಲಾನಿಡ್ ಆದರೆ ಮೀನಿನ ರಕ್ತ ಹೀರುವಂಥದ್ದು.

ಗಾಜಿನ ಮೇಲೆ ಸಿಕ್ಕ ಹೊಸ ಕುಲ

ಇಷ್ಟು ಹೊತ್ತು ಹೆಸರು ಗೊತ್ತಿರುವವರ ಮಾತಾಯಿತು. ತೊಟ್ಟಿಯಲ್ಲಿ ಕಂಡದ್ದಕ್ಕೆ ಹೆಸರೇ ಇಲ್ಲದಿದ್ದರೆ? ಅದೂ ಆಗಿದೆ.

ಆಸ್ಟ್ರಿಯದ ಗ್ರಾಝ್ ಕಡಲಿಲ್ಲದ ಊರು. ಅಲ್ಲಿನ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಸಂಸ್ಥೆಯಲ್ಲಿದ್ದ ಕಡಲನೀರಿನ ತೊಟ್ಟಿಯ ಗಾಜಿನ ಮೇಲೆ ಮಿಲಿಮೀಟರಿನಷ್ಟು ಅಗಲದ, ಆಕಾರ ಬದಲಿಸುತ್ತ ತೆವಳುವ ಬೂದು ತೇಪೆಯೊಂದನ್ನು ಫ್ರಾನ್ಜ್ ಐಲ್‌ಹಾರ್ಡ್ ಶುಲ್ಟ್ಸೆ ಕಂಡರು. ತಲೆಯಿಲ್ಲ, ಬಾಲವಿಲ್ಲ, ಬಾಯಿಲ್ಲ, ನರವಿಲ್ಲ, ಸ್ನಾಯುವಿಲ್ಲ. ಹೊಟ್ಟೆಯೂ ಇಲ್ಲ; ಪಾಚಿಯ ಮೇಲೆ ಕೂತು, ಕೆಳಮೈಯಿಂದ ರಸ ಬಿಟ್ಟು, ಅಲ್ಲೇ ಜೀರ್ಣಿಸಿ ಹೀರಿಕೊಳ್ಳುತ್ತದೆ. 1883ರಲ್ಲಿ ಅವರು ಅದಕ್ಕೆ ಟ್ರೈಕೊಪ್ಲ್ಯಾಕ್ಸ್ ಅಡ್ಹೇರೆನ್ಸ್ ಎಂದು ಹೆಸರಿಟ್ಟರು. ಇದು ಯಾವುದೋ ಜೆಲ್ಲಿಮೀನಿನ ಬಳಗದ ಮರಿ ಇರಬೇಕು ಎಂದು 20ನೇ ಶತಮಾನದ ಆರಂಭದಲ್ಲಿ ಒಬ್ಬರು ಹೇಳಿದರು. ಆ ಮಾತೇ ಪಠ್ಯಪುಸ್ತಕ ಸೇರಿ, ಪ್ರಾಣಿಯನ್ನು ಜನ ಅರ್ಧ ಶತಮಾನ ಮರೆತರು. 1960ರ ದಶಕದಲ್ಲಿ ಜರ್ಮನಿಯ ಕಾರ್ಲ್ ಗ್ರೆಲ್ ಮತ್ತೆ ಕೈಗೆತ್ತಿಕೊಂಡು ನೋಡಿ, ಇದು ಯಾರ ಮರಿಯೂ ಅಲ್ಲ, ಸ್ವಂತ ಪ್ರಾಣಿ ಎಂದು ತೋರಿಸಿ, 1971ರಲ್ಲಿ ಪ್ಲಾಕೊಜೋವ ಎಂಬ ಹೊಸ ವಂಶವನ್ನೇ ಸ್ಥಾಪಿಸಿದರು. ಬೆನ್ನೆಲುಬಿರುವ ಮೀನು, ಹಕ್ಕಿ, ಮನುಷ್ಯರೆಲ್ಲ ಸೇರುವುದು ಒಂದು ವಂಶಕ್ಕೆ ಎಂದರೆ ಈ ತೇಪೆಯ ಸ್ಥಾನ ಅರ್ಥವಾದೀತು. 2008ರಲ್ಲಿ ಅದರ ಜೀನೋಮ್ ಓದಿದಾಗ, ನರವೇ ಇಲ್ಲದ ಪ್ರಾಣಿಯಲ್ಲಿ ನರಮಂಡಲಕ್ಕೆ ಬೇಕಾದ ಹಲವು ಜೀನ್‌ಗಳು ಸಿಕ್ಕವು.

ಈ ಪ್ರಾಣಿ ಇಂದಿಗೂ ಹವ್ಯಾಸಿಗಳ ತೊಟ್ಟಿಯ ಗಾಜಿನಲ್ಲಿ ಸಿಗುತ್ತದೆ. ಒಂದು ಗಾಜಿನ ಪಟ್ಟಿಯನ್ನು ವಾರಗಟ್ಟಲೆ ತೊಟ್ಟಿಯಲ್ಲಿ ತೂಗುಬಿಟ್ಟು, ಮಸೂರದಡಿ ನೋಡಿದರೆ ಸಿಕ್ಕೀತು. ಶುಕ್ರವಾರದ ಸ್ವಚ್ಛತೆಯಲ್ಲಿ ಕೆರೆದು ಎಸೆಯುವ ಪಾಚಿಯೊಳಗೂ ಅದು ಇದ್ದಿರಬಹುದು.

ಹೊಸ ಕಾಲದ ಉದಾಹರಣೆಗಳೂ ಇವೆ. ಕೊಂಬೆಹವಳ ಅಕ್ರೊಪೊರದ ಮೇಲೆ ದುಂಡು ದುಂಡು ಬಿಳಿ ಕಲೆ ಬಿದ್ದು ಸಾಯುವುದಕ್ಕೆ ಕಾರಣವಾದ, ಹವಳದ ಬಣ್ಣವನ್ನೇ ಮೈಗೆ ಹೊದ್ದ ಚಪ್ಪಟೆಹುಳುವಿನ ಬಗ್ಗೆ ತೊಟ್ಟಿ ಸಾಕುವವರು ವರ್ಷಗಟ್ಟಲೆ ಗೋಳಾಡುತ್ತಿದ್ದರು. ವಿಜ್ಞಾನ ಅದಕ್ಕೆ ಅಮಾಕುಸಪ್ಲಾನ ಅಕ್ರೊಪೊರೆ ಎಂದು ಹೆಸರು ಕೊಟ್ಟದ್ದು 2011ರಲ್ಲಿ, ತೊಟ್ಟಿಯಿಂದ ಹಿಡಿದ ಹುಳುಗಳನ್ನು ನೋಡಿ. ಕಡಲಲ್ಲಿ, ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದಲ್ಲಿ, ಅದು ಮೊದಲ ಬಾರಿ ಪತ್ತೆಯಾದ ಸುದ್ದಿ 2012ರಲ್ಲಿ ಬಂತು. ಮಾಂಟಿಪೊರ ಹವಳ ತಿನ್ನುವ ಬಿಳಿ ಗೊಂಡೆಹುಳುವಿನ ಕಥೆಯೂ ಇದೇ; ಅಂಗಡಿ, ತೊಟ್ಟಿಗಳಲ್ಲಿ ಕುಪ್ರಸಿದ್ಧವಾದ ಎಷ್ಟೋ ಕಾಲದ ಮೇಲೆ 2020ರಲ್ಲಿ ಫೆಸ್ಟಿಲ್ಲ ಸಬೊಡಿಯೋಸ ಎಂಬ ಹೆಸರು ಸಿಕ್ಕಿತು. ಸಾಕುವವರ ಗೊಣಗಾಟ ವಿಜ್ಞಾನಿಗಳ ಪ್ರಬಂಧಕ್ಕಿಂತ ಎಷ್ಟೋ ಮುಂದಿತ್ತು. ತೊಟ್ಟಿಯ ಮುಂದೆ ಕೂತವರಷ್ಟು ಹೊತ್ತು ಒಂದೇ ಕಲ್ಲನ್ನು ನೋಡುವ ಪುರಸೊತ್ತು ಕಡಲಲ್ಲಿ ಮುಳುಗಿದವರಿಗೆ ಎಲ್ಲಿರುತ್ತದೆ?

ಆದರೆ ಗುರುತು ಹಿಡಿಯದೆ ಮುಟ್ಟಲೇಬಾರದ ಒಂದಿದೆ. ಕಲ್ಲಿಗೆ ಅಂಟಿ, ಗುಂಡಿಯಂಥ ಮುಖ ಮೇಲೆತ್ತಿ ಗುಂಪಾಗಿ ಬೆಳೆಯುವ ಕಂದು ಪ್ಯಾಲಿಥೋವ. ಹವಾಯಿಯ ಮಾವಿ ದ್ವೀಪದ ಹಾನ ಎಂಬಲ್ಲಿ ಒಂದು ಕಡಲಗುಂಡಿಯ 'ಸಾವಿನ ಪಾಚಿ'ಯನ್ನು ಈಟಿಗೆ ಸವರಿದರೆ ಗಾಯ ಸಣ್ಣದಾದರೂ ಸಾವು ಖಚಿತ ಎಂಬ ಐತಿಹ್ಯವಿತ್ತು. ಅದರ ಜಾಡು ಹಿಡಿದು ಹೋದ ರಸಾಯನಶಾಸ್ತ್ರಜ್ಞರಾದ ಮೂರ್ ಮತ್ತು ಶೂಯರ್ 1971ರಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷವನ್ನು ಬೇರ್ಪಡಿಸಿದರು. ಪಾಚಿಯೆಂದು ಜನ ಕರೆದದ್ದು ಪ್ಯಾಲಿಥೋವ. ಎಲ್ಲ ಪ್ಯಾಲಿಥೋವಗಳಲ್ಲೂ ವಿಷ ಒಂದೇ ಮಟ್ಟದಲ್ಲಿರುವುದಿಲ್ಲ, ನೋಡಿ ಹೇ‌ಳುವುದಕ್ಕೂ ಬರುವುದಿಲ್ಲ. ಬೇಡವಾದ ಪ್ಯಾಲಿಥೋವ ಬೆಳೆದ ಕಲ್ಲನ್ನು ಕೆಲವರು ಕುದಿಯುವ ನೀರಿಗೆ ಹಾಕುತ್ತಾರೆ, ಬ್ರಷ್ ಹಿಡಿದು ಉಜ್ಜುತ್ತಾರೆ. ಆ ಹಬೆ, ಆ ತುಂತುರು ಶ್ವಾಸಕ್ಕೆ ಹೋದರೆ ಆಸ್ಪತ್ರೆಯೇ ಗತಿ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ತೊಟ್ಟಿ ಶುಚಿ ಮಾಡುವಾಗ ಹೀಗಾಗಿ ಒಂದು ಮನೆಯವರೆಲ್ಲ ಆಸ್ಪತ್ರೆ ಸೇರಿದರು. ನೆರವಿಗೆ ಬಂದ ತುರ್ತು ಸಿಬ್ಬಂದಿಯನ್ನೂ ತಪಾಸಣೆಗೆ ಒಯ್ಯಬೇಕಾಯಿತು. ಕಲ್ಲು ಕುದಿಸಬೇಡಿ, ಒಣಗಿಸಿ ಕೆರೆಯಬೇಡಿ. ಮುಟ್ಟಲೇಬೇಕಾದರೆ ಕೈಗವಸು, ಕನ್ನಡಕ ಹಾಕಿಕೊಂಡು ನೀರಿನೊಳಗೇ ಕೆಲಸ ಮುಗಿಸಿ.

ನಮ್ಮಲ್ಲಿ

ಕಡಲಿನಿಂದ ದೂರದ ಬೆಂಗಳೂರಿನಲ್ಲೂ ಚೀಲದ ಉಪ್ಪು ಕಲಸಿ ಹವಳ ಸಾಕುವವರಿದ್ದಾರೆ. ಅವರು ಮೊದಲು ತಿಳಿಯಬೇಕಾದದ್ದು ಕಾನೂನು. ಗೂಡು ಕಟ್ಟುವ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಮನ್ನಾರ್ ಕೊಲ್ಲಿಯಿಂದಲೋ ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಲೋ ಹವಳದ ಕಲ್ಲು ಎತ್ತಿ ತರುವುದು ಅಪರಾಧ. ಮಾರುವವರು ಏನೇ ಹೆಸರಿಟ್ಟು ಮಾರಲಿ. ಅಮೆರಿಕದ ಫ್ಲಾರಿಡಾದಲ್ಲೂ 1990ರ ದಶಕದಲ್ಲೇ ಕಡಲಿನ ಕಲ್ಲು ಎತ್ತುವುದನ್ನು ನಿಲ್ಲಿಸಿ, ಗಣಿಯ ಸುಣ್ಣಕಲ್ಲನ್ನು ಕಡಲಲ್ಲಿ ಮುಳುಗಿಸಿಟ್ಟು ಜೀವ ಹಿಡಿಸುವ ಪದ್ಧತಿಗೆ ತಿರುಗಿದರು. ಈಗ ಬಹಳ ಮಂದಿ ಒಣಕಲ್ಲಿನಿಂದಲೇ ಶುರುಮಾಡುತ್ತಾರೆ. ಹಾಗೆಂದು ಅತಿಥಿಗಳು ಬರುವುದು ನಿಂತಿಲ್ಲ. ತುಂಡು ಹವಳ ಅಂಟಿಸಿದ ಬಿಲ್ಲೆಯ ಅಡಿಯಲ್ಲಿ, ಬಸವನಹುಳುವಿನ ಚಿಪ್ಪಿನ ಮೇಲೆ, ಪಾಚಿಯ ಗೊಂಚಲಿನಲ್ಲಿ ಬಂದೇ ಬರುತ್ತಾರೆ. ಹೊಸದಾಗಿ ಬಂದದ್ದನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡುವುದಕ್ಕಿಂತ ಅಗ್ಗದ ವಿಮೆ ಇಲ್ಲ.

ಇನ್ನು ಬೇಡವಾದವರನ್ನು ಏನು ಮಾಡುವುದು? ಕಡಲಿಂದ ಬಂದದ್ದು ಕಡಲಿಗೆ ಹೋಗಲಿ ಎಂಬ ಪುಣ್ಯದ ಯೋಚನೆ ಬೇಡ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಕಾಲರ್ಪ ಟ್ಯಾಕ್ಸಿಫೋಲಿಯ ಎಂಬ ಅಕ್ವೇರಿಯಂ ಪಾಚಿ ಸುಮಾರು ಒಂದು ಚದರ ಮೀಟರಿನಷ್ಟು ಕಂಡಿತ್ತು. ಆಗಲೇ ಕಿತ್ತಿದ್ದರೆ ಒಂದು ಮಧ್ಯಾಹ್ನದ ಕೆಲಸ. ಯಾರೂ ಕೀಳಲಿಲ್ಲ, ಅದು ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರ್ ತಳವನ್ನು ಆವರಿಸಿತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯದ ಒಂದು ಹಿನ್ನೀರಿನಲ್ಲಿ ಕಂಡಾಗ ಅಮೆರಿಕನ್ನರು ತಡಮಾಡದೆ ಟಾರ್ಪಾಲು ಹೊದಿಸಿ, ಒಳಗೆ ಕ್ಲೋರಿನ್ ಬಿಟ್ಟು ಕೊಂದರು. ಪೂರ್ತಿ ತೊಲಗಿತು ಎಂದು ಘೋಷಿಸಿದ್ದು 2006ರಲ್ಲಿ, ಖರ್ಚು 70 ಲಕ್ಷ ಡಾಲರಿಗೂ ಮೇಲೆ.

ಉಪ್ಪುನೀರಿನ ಜೀವ ಬೆಂಗಳೂರಿನ ಚರಂಡಿಯಲ್ಲಿ ಬದುಕಲಾರದು. ಮಂಗಳೂರು, ಉಡುಪಿ, ಕಾರವಾರದಲ್ಲಿ ಹಾಗಲ್ಲ. ಅಂಗಳದ ತೋಡು ಹೊಳೆಗೆ, ಹೊಳೆ ಅಳಿವೆಗೆ ಸೇರುತ್ತದೆ. ಅಲ್ಲಿ ತೊಟ್ಟಿ ಇಟ್ಟವರಲ್ಲಿ ಒಂದು ವಿನಂತಿ: ಬದಲಾಯಿಸಿದ ನೀರನ್ನು ಒಂದು ದಿನ ಬ್ಲೀಚ್ ಹಾಕಿಟ್ಟು ಆಮೇಲೆ ಶೌಚಾಲಯಕ್ಕೆ ಸುರಿಯಿರಿ, ತೋಡಿಗೆ ಬೇಡ. ಕಿತ್ತ ಪಾಚಿ, ಸತ್ತ ಐಪ್ಟೇಸಿಯ, ಹಿಡಿದ ಏಡಿಯನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟು, ಪೂರ್ತಿ ಸತ್ತ ಮೇಲೆ ಕಸಕ್ಕೆ ಹಾಕಿ. ಹೆಸರು ಗೊತ್ತಿರಲಿ, ಗೊತ್ತಿಲ್ಲದಿರಲಿ, ತೊಟ್ಟಿಯಿಂದ ತೆಗೆದ ಯಾವುದನ್ನೂ ಕಡಲಿಗೆ ಬಿಡಬೇಡಿ.